ಕಿಡಿಯನ್ನು ಹುಡುಕಿದ ರಾಬರ್ಟ್ ಬಾಷ್

ಹೋದ ಆಷಾಢದ ಒಂದು ಭಾನುವಾರ. ರಾತ್ರಿಯೆಲ್ಲ ಸೋನೆ ಹಿಡಿದಿದ್ದ ಮಳೆಯು ಬೆಳಗಿನ ಹೊತ್ತಿಗೆ ಸ್ವಲ್ಪ ಬಿಡುವು ಕೊಟ್ಟಿತ್ತು. ನಮ್ಮ ತಂದೆಯವರು ಕೆಲಸ ಮಾಡುವ ಬನಶಂಕರಿಯ ಗ್ಯಾರೇಜಿಗೆ ಬುತ್ತಿಯನ್ನು ಕೊಟ್ಟು ಬರಲು ನಾನು ಹೋಗಿದ್ದೆನು. ಅಷ್ಟರಲ್ಲಿ ಯಡಿಯೂರಿನ ಕಡೆಯಿಂದ ನಿವೃತ್ತ ಉಪಾಧ್ಯಾಯರೊಬ್ಬರು ತಮ್ಮ ಹಳೆಯ ಕಾಲದ ಕಾರನ್ನು ಇಬ್ಬರು ಹುಡುಗರಿಂದ ತಳ್ಳಿಸಿಕೊಂಡು ಬಂದರು. ಎರಡು ತಿಂಗಳಿನಿಂದ ಕಾರು ನಿಂತಲ್ಲಿಯೇ ನಿಂತಿತ್ತಂತೆ. ಕೀಲಿ ತಿರುಗಿಸಿದರೆ ಎಂಜಿನ್ನು ಗರಗರನೆ ತಿರುಗುತ್ತಿತ್ತು, ಹೊತ್ತಿಕೊಳ್ಳುತ್ತಿರಲಿಲ್ಲ. ಬ್ಯಾಟರಿಯು ಹೋಗಿದೆ, ಹೊಸದು ಹಾಕಿಬಿಡಿ ಮೇಸ್ತ್ರೀ ಎಂದು ಉಪಾಧ್ಯಾಯರು ತಾವೇ ತೀರ್ಪು ಕೊಟ್ಟರು. ನಮ್ಮ ತಂದೆಯವರು ಆಗಲಿ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಬಾನೆಟ್ಟನ್ನು ಎತ್ತಿ ನಿಲ್ಲಿಸಿ ಒಂದು ಪ್ಲಗ್ಗನ್ನು ಬಿಚ್ಚಿದರು. ಅದನ್ನು ಅದರ ತಂತಿಗೇ ಸಿಕ್ಕಿಸಿ, ಲೋಹದ ಮೈಯು ಎಂಜಿನ್ನಿಗೆ ತಾಗಿರುವಂತೆ ಇಟ್ಟು, ಇನ್ನೊಮ್ಮೆ ಕೀಲಿ ತಿರುಗಿಸಿರಿ ಸಾರ್ ಎಂದು ಹೇಳಿದರು. ಎಂಜಿನ್ನು ತಿರುಗಿತು. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಲಿಲ್ಲ.

ಕಿಡಿ ಇಲ್ಲವೆಂಬುದು ನಿಶ್ಚಯವಾಯಿತು. ಎಲ್ಲಿಂದ ಇಲ್ಲ ಎಂಬುದನ್ನು ಕಂಡುಹಿಡಿಯುವುದೇ ಕೆಲಸ. ತಂದೆಯವರು ಕೊನೆಯಿಂದ ಮೂಲದ ಕಡೆಗೆ ನಡೆದರು. ಡಿಸ್ಟ್ರಿಬ್ಯೂಟರಿನ ನಡುವಿನಿಂದ ಕಾಯಿಲಿನ ದಪ್ಪ ತಂತಿಯನ್ನು ಕಿತ್ತು, ರಬ್ಬರು ಹಿಡಿಯ ಇಕ್ಕಳದಿಂದ ಹಿಡಿದು, ಎಂಜಿನ್ನಿನ ಮೈಗೆ ಕಾಲಂಗುಲ ದೂರದಲ್ಲಿ ನಿಲ್ಲಿಸಿ ನೋಡಿದರು. ಅಲ್ಲಿ ಕಿಡಿ ಹಾರಿದ್ದರೆ ಕಾಯಿಲು ಸರಿಯಾಗಿದೆ, ದೋಷವು ಅದರ ಮುಂದಿನ ಮುಚ್ಚಳದಲ್ಲಿಯೋ ರೋಟರಿನಲ್ಲಿಯೋ ಪ್ಲಗ್ಗಿನ ತಂತಿಗಳಲ್ಲಿಯೋ ಇದೆ ಎಂದು ಅರ್ಥ. ಅಲ್ಲಿಯೂ ಕಿಡಿ ಇರಲಿಲ್ಲ. ಮುಂದೆ ಒಂದು ಸಣ್ಣ ಬಲ್ಬಿಗೆ ಎರಡು ತಂತಿ ಕಟ್ಟಿದ ಟೆಸ್ಟ್ ಲ್ಯಾಂಪನ್ನು ತೆಗೆದುಕೊಂಡು, ಬ್ಯಾಟರಿಯಿಂದ ಕಾಯಿಲಿಗೆ ಕರೆಂಟು ಬರುವ ಕಡೆ ಮುಟ್ಟಿಸಿದರು. ಬಲ್ಬು ಹತ್ತಿತು. ಉಪಾಧ್ಯಾಯರ ಬ್ಯಾಟರಿಯು ನಿರಪರಾಧಿ ಎಂಬುದು ತಿಳಿಯಿತು. ಕೊನೆಗೆ ಕಾಯಿಲಿನ ಇನ್ನೊಂದು ಕಡೆಗೆ, ಎಂದರೆ ಡಿಸ್ಟ್ರಿಬ್ಯೂಟರಿಗೆ ಹೋಗುವ ಕಡೆಗೆ, ಮುಟ್ಟಿಸಿ ಎಂಜಿನ್ನು ತಿರುಗಿಸಿದರು. ಈಗ ಬಲ್ಬು ಮಿಣುಕಬೇಕು. ಪಾಯಿಂಟುಗಳು ಕೂಡಿದಾಗ ಆರಬೇಕು, ಬಿಟ್ಟಾಗ ಹತ್ತಬೇಕು. ಅದು ಒಂದೇ ಸಮನೆ ಹತ್ತಿಕೊಂಡೇ ಇತ್ತು. ಪಾಯಿಂಟುಗಳು ಕಣ್ಣಿಗೆ ಕೂಡಿದಂತೆ ಕಂಡರೂ ಕರೆಂಟಿನ ಪಾಲಿಗೆ ಕೂಡುತ್ತಿಲ್ಲ ಎಂದಾಯಿತು. ಮುಚ್ಚಳ ತೆಗೆದು ನೋಡಿದರೆ, ಆ ಎರಡು ಪುಟ್ಟ ಬಿಲ್ಲೆಗಳ ಮುಖದ ಮೇಲೆ ತೇವಕ್ಕೆ ಹಿಡಿದ ಬೂದುಬಣ್ಣದ ಕಿಲುಬು. ನಯವಾದ ಉಪ್ಪುಕಾಗದದಿಂದ ನಾಲ್ಕು ಬಾರಿ ತಿಕ್ಕಿ, ಒರೆಸಿ, ಫೀಲರ್ ಗೇಜಿನಿಂದ ಸಂದನ್ನು ಸರಿಮಾಡಿದರು. ಕಿಡಿ ನೀಲಿಯಾಗಿ ಹಾರಿತು. ಕಾರು ಹೊರಟಿತು. ಹೊಸ ಬ್ಯಾಟರಿಗೆಂದು ತಂದಿದ್ದ ಹಣದಲ್ಲಿ ಉಪಾಧ್ಯಾಯರು ಎಲ್ಲರಿಗೂ ಕಾಫಿ ತರಿಸಿದರು.

ಒಂದು ವೇಳೆ ಬೇಕಾದೀತೆಂದು ತಂದೆಯವರು ಕಪಾಟಿನಿಂದ ತೆಗೆದಿಟ್ಟಿದ್ದ ಹೊಸ ಪ್ಲಗ್ಗಿನ ಪೆಟ್ಟಿಗೆಯು ನನ್ನ ಕೈಯಲ್ಲಿತ್ತು. ಅದರ ಮೇಲೆ ಒಂದು ವೃತ್ತ. ವೃತ್ತದೊಳಗೆ ಇಂಗ್ಲಿಷಿನ ಎಚ್ ಅಕ್ಷರವನ್ನು ಹೋಲುವ ಒಂದು ಆಕೃತಿ. ಇದು ಏನೆಂದು ಕೇಳಿದೆನು. ತಂದೆಯವರಿಗೆ ತಿಳಿದಿರಲಿಲ್ಲ. ಮೂವತ್ತು ವರ್ಷಗಳಿಂದ ಆ ಗುರುತನ್ನು ದಿನವೂ ನೋಡುತ್ತ ಬಂದಿರುವ ಅವರಿಗೇ ತಿಳಿಯದೆಂದಾಗ ನನಗೆ ಕುತೂಹಲವಾಯಿತು. ಆ ಕುತೂಹಲದಿಂದಲೇ ಈ ಜೀವನಚರಿತ್ರೆಯನ್ನು ಓದಿದೆನು.

ಇನ್ನೂ ಒಂದು ಕಾರಣವಿತ್ತು. ನಮ್ಮ ತಂದೆಯವರು ಹದಿನೆಂಟರ ವಯಸ್ಸಿನಲ್ಲಿ ಕನಕಪುರದ ಕಡೆಯ ನಮ್ಮ ಊರನ್ನು ಬಿಟ್ಟು ಬಂದು, ಒಂದು ಕಾರ್ಖಾನೆಯ ಬಾಗಿಲಲ್ಲಿ ಅಪ್ರೆಂಟಿಸ್ ಕೆಲಸಕ್ಕಾಗಿ ನಿಂತಿದ್ದರು. ಎಸ್.ಎಸ್.ಎಲ್.ಸಿ. ಪಾಸಾಗಿಲ್ಲವೆಂದು ಹಿಂದಕ್ಕೆ ಕಳುಹಿಸಿದರಂತೆ. ಆ ದಿನದಿಂದ ಸರ್ಟಿಫಿಕೇಟು ಎಂಬ ಕಾಗದದ ಮೇಲೆ ಅವರಿಗೆ ದೇವರ ಪಟದ ಮೇಲಿರುವಷ್ಟು ಭಕ್ತಿ. ನಾನು ಸ್ಪ್ಯಾನರನ್ನು ಮುಟ್ಟಿದರೆ ಕಸಿದುಕೊಳ್ಳುತ್ತಾರೆ. ನಮ್ಮ ಮನೆತನದಲ್ಲಿ ಬಿ.ಎ. ತರಗತಿಯ ಬೆಂಚಿನ ಮೇಲೆ ಕುಳಿತವನು ನಾನೇ ಮೊದಲನೆಯವನು. ಆದ್ದರಿಂದ ರಾಬರ್ಟ್ ಬಾಷನ ಚರಿತ್ರೆಯನ್ನು ತೆರೆದಾಗ ನಾನು ಮೊದಲು ಹುಡುಕಿದ್ದು ಒಂದೇ ಸಂಗತಿ: ಈತನು ಎಷ್ಟರವರೆಗೆ ಓದಿದ್ದನು?

ರಾಬರ್ಟ್ ಬಾಷ್ ೧೮೬೧ನೆಯ ಇಸವಿ ಸೆಪ್ಟೆಂಬರ್ ೨೩ರಂದು ದಕ್ಷಿಣ ಜರ್ಮನಿಯ ಉಲ್ಮ್ ಪಟ್ಟಣದ ಬಳಿಯ ಆಲ್ಬೆಕ್ ಎಂಬ ಹಳ್ಳಿಯಲ್ಲಿ ಜನಿಸಿದನು. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವನು. ತಂದೆ ಸೆರ್ವಾಟಿಯಸ್ ಬಾಷನಿಗೆ ಹೊಲಗದ್ದೆಗಳಿದ್ದುವು. ಹೆದ್ದಾರಿಯ ಬದಿಯಲ್ಲಿ ಗಾಡಿಯವರು ಇಳಿದು ಉಂಡು ಮಲಗುವ ಒಂದು ಛತ್ರದಂತಹ ವಸತಿಗೃಹವಿತ್ತು. ರೈಲು ಬಂದಮೇಲೆ ಗಾಡಿಯವರು ಬರುವುದು ಕಡಮೆಯಾಯಿತು. ೧೮೬೯ರಲ್ಲಿ ತಂದೆಯು ಎಲ್ಲವನ್ನೂ ಮಾರಿ ಸಂಸಾರವನ್ನು ಉಲ್ಮ್ ಪಟ್ಟಣಕ್ಕೆ ಕರೆತಂದನು. ಹತ್ತು ವರ್ಷಗಳ ಅನಂತರ, ೧೮೭೯ರಲ್ಲಿ, ಆಲ್ಬರ್ಟ್ ಐನ್‌ಸ್ಟೈನ್ ಹುಟ್ಟಿದ ಊರೂ ಇದೇ. ಒಂದು ಹೊಸ ಯಂತ್ರವು ಬಂದು ಹಳೆಯ ಜೀವನೋಪಾಯವನ್ನು ನುಂಗಿದ್ದನ್ನು ಎಂಟು ವರ್ಷದ ಬಾಲಕನು ಕಣ್ಣಾರೆ ಕಂಡನು. ಮುಂದೆ ಅದೇ ಬಾಲಕನು ರೈಲಿನ ಪ್ರತಿಸ್ಪರ್ಧಿಯಾದ ಮೋಟಾರಿಗೆ ಪ್ರಾಣವಾಯುವನ್ನು ಒದಗಿಸಿದ್ದು ವಿಚಿತ್ರವಲ್ಲವೇ?

ಶಾಲೆಯಲ್ಲಿ ರಾಬರ್ಟನು ಮೇಲ್ಪಂಕ್ತಿಯ ವಿದ್ಯಾರ್ಥಿಯಲ್ಲ. ಗಿಡಮರ, ಪ್ರಾಣಿಪಕ್ಷಿಗಳ ಮೇಲೆ ಅವನಿಗೆ ಪ್ರೀತಿ. ೧೮೭೬ರಲ್ಲಿ ಶಾಲೆ ಮುಗಿಸಿ, ತಂದೆಯ ಸಲಹೆಯಂತೆ ಉಲ್ಮ್‌ನ ಒಬ್ಬ ಸೂಕ್ಷ್ಮಯಂತ್ರಗಳ ಕೆಲಸಗಾರನ ಬಳಿ ಮೂರು ವರ್ಷ ಶಿಷ್ಯನಾಗಿ ಸೇರಿದನು. ಆ ಗುರುವು ಹುಡುಗರಿಗೆ ಕಲಿಸುವುದರಲ್ಲಿ ಆಸಕ್ತಿಯಿಲ್ಲದವನು. ಕೆಲಸವು ಏಕೆ ಹೀಗೆ ಎಂದು ಹೇಳಿಕೊಡುವವರಿಲ್ಲ. ಆ ಮೂರು ವರ್ಷಗಳ ಕಹಿಯನ್ನು ಬಾಷ್ ಬದುಕಿನ ಕೊನೆಯವರೆಗೂ ಮರೆಯಲಿಲ್ಲ. ಗ್ಯಾರೇಜುಗಳಲ್ಲಿ ಚಹಾ ತರುವುದಕ್ಕೂ ನೆಲ ಒರೆಸುವುದಕ್ಕೂ ಇಟ್ಟುಕೊಂಡಿರುವ ಹುಡುಗರನ್ನು ನೋಡಿದವರಿಗೆ ಆ ಕಹಿಯ ರುಚಿಯು ಸುಲಭವಾಗಿ ತಿಳಿಯುತ್ತದೆ.

ಶಿಷ್ಯವೃತ್ತಿ ಮುಗಿದಮೇಲೆ ಏಳು ವರ್ಷಗಳ ಅಲೆದಾಟ. ಕೊಲೋನ್, ಹಾನೌ, ನ್ಯೂರೆಂಬರ್ಗ್, ಗೋಪಿಂಗನ್ ಮುಂತಾದ ಊರುಗಳಲ್ಲಿ ಕೈಕೆಲಸ. ನಡುವೆ ಒಂದು ವರ್ಷ ಸೈನ್ಯದಲ್ಲಿ ಸೇವೆ. ೧೮೮೩ರಲ್ಲಿ ಸ್ಟುಟ್‌ಗಾರ್ಟಿನ ತಾಂತ್ರಿಕ ವಿದ್ಯಾಲಯಕ್ಕೆ ಹೋದನು. ಅಲ್ಲಿಯೂ ಪೂರ್ಣ ವಿದ್ಯಾರ್ಥಿಯಾಗಿ ಅಲ್ಲ. ಕುಳಿತು ಕೇಳಲು ಅನುಮತಿ ಪಡೆದವನಾಗಿ, ಸುಮಾರು ಆರು ತಿಂಗಳು ಮಾತ್ರ. ತಳಪಾಯವಿಲ್ಲದ್ದರಿಂದ ಉಪನ್ಯಾಸಗಳಲ್ಲಿ ಬಹುಭಾಗ ಅರ್ಥವಾಗಲಿಲ್ಲ. ತಾಂತ್ರಿಕ ಶಬ್ದಗಳನ್ನು ಕೇಳಿದರೆ ಆಗುತ್ತಿದ್ದ ಹೆದರಿಕೆಯು ಹೋದದ್ದೇ ಅಲ್ಲಿ ದೊರೆತ ಲಾಭವೆಂದು ಅವನು ಮುಂದೆ ನೆನೆದುಕೊಂಡನು. ಇದನ್ನು ಓದಿದಾಗ ನಾನು ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟೆನು. ಅರ್ಥಶಾಸ್ತ್ರದ ತರಗತಿಯಲ್ಲಿ ಮೊದಲ ವರ್ಷವೆಲ್ಲ ಇಂಗ್ಲಿಷ್ ಪದಗಳ ಭಯದಿಂದ ಹಿಂದಿನ ಸಾಲಿನಲ್ಲಿ ಕುಳಿತ ನನ್ನಂತಹವರಿಗೆ ಆ ಲಾಭದ ಬೆಲೆಯನ್ನು ಬೇರೆಯವರು ಹೇಳಬೇಕಾಗಿಲ್ಲ. ನಾನು ಹುಡುಕುತ್ತಿದ್ದ ಪ್ರಶ್ನೆಗೆ ಉತ್ತರವೂ ದೊರೆತಿತ್ತು: ಬಾಷನ ಬಳಿ ಪದವಿ ಇರಲಿಲ್ಲ.

೧೮೮೪ರಲ್ಲಿ ಹಡಗು ಹತ್ತಿ ನ್ಯೂಯಾರ್ಕಿಗೆ ಹೋಗಿ ಎಡಿಸನ್ನನ ಯಂತ್ರಶಾಲೆಯಲ್ಲಿ ದುಡಿದನು. ಆಗ ವಿದ್ಯುಚ್ಛಕ್ತಿಯ ಯುಗವು ಅಂಬೆಗಾಲಿಡುತ್ತಿದ್ದ ಕಾಲ. ಅಮೆರಿಕದ ಕಾರ್ಮಿಕರ ಸಂಘವೊಂದರಲ್ಲಿ ಸದಸ್ಯನೂ ಆದನು. ಮರುವರ್ಷ ಇಂಗ್ಲೆಂಡಿನಲ್ಲಿ ಸೀಮನ್ಸ್ ಸಹೋದರರ ಕಾರ್ಖಾನೆಯಲ್ಲಿ ಕೆಲಸ ಮಾಡಿ ಸ್ವದೇಶಕ್ಕೆ ಮರಳಿದನು. ತಂದೆಯ ಆಸ್ತಿಯಲ್ಲಿ ಪಾಲಾಗಿ ಬಂದಿದ್ದ ಹಣವನ್ನು ಕೂಡಿಸಿ, ೧೦,೦೦೦ ಮಾರ್ಕು ಬಂಡವಾಳದಿಂದ, ೧೮೮೬ನೆಯ ನವೆಂಬರ್ ೧೫ರಂದು ಸ್ಟುಟ್‌ಗಾರ್ಟಿನ ರೋಟೆಬ್ಯೂಲ್ ಬೀದಿಯ ಒಂದು ಮನೆಯ ಹಿತ್ತಲ ಕಟ್ಟಡದಲ್ಲಿ ಸೂಕ್ಷ್ಮಯಂತ್ರ ಮತ್ತು ವಿದ್ಯುತ್ ಕೆಲಸಗಳ ಅಂಗಡಿಯನ್ನು ತೆರೆದನು. ಸಹಾಯಕ್ಕೆ ಒಬ್ಬ ಮೆಕ್ಯಾನಿಕ್ಕು, ಓಡಾಟಕ್ಕೆ ಒಬ್ಬ ಹುಡುಗ. ಇಷ್ಟೇ ಸಂಸ್ಥೆ.

ಆ ಅಂಗಡಿಯಲ್ಲಿ ಏನು ಕೆಲಸ ಬಂದರೂ ಒಪ್ಪಿಕೊಳ್ಳುತ್ತಿದ್ದರು. ಟೆಲಿಫೋನು ಹಾಕುವುದು, ಬಾಗಿಲಿಗೆ ವಿದ್ಯುತ್ ಗಂಟೆ ಕಟ್ಟುವುದು, ಕೆಟ್ಟ ಯಂತ್ರಗಳ ದುರಸ್ತಿ. ಗಿರಾಕಿಗಳ ಮನೆಗಳಲ್ಲಿ ತನ್ನ ಕೆಲಸದವರು ಹಾಕಿದ ತಂತಿಗಳು ಸರಿಯಾಗಿವೆಯೇ ಎಂದು ನೋಡಲು ಬಾಷ್ ಸೈಕಲ್ಲಿನ ಮೇಲೆ ಊರೆಲ್ಲ ಸುತ್ತುತ್ತಿದ್ದನು. ಆ ದಿನಗಳಲ್ಲಿ ಸೈಕಲ್ಲಿನ ಸವಾರನೆಂದರೆ ಬೀದಿಯ ಜನ ತಿರುಗಿ ನೋಡುತ್ತಿದ್ದರು. ಮೊದಲ ಕೆಲವು ವರ್ಷಗಳು ಕಷ್ಟದಲ್ಲಿಯೇ ಕಳೆದುವು.

೧೮೮೭ರಲ್ಲಿ ಗಿರಾಕಿಯೊಬ್ಬನು ಬಂದು ತನ್ನ ಅನಿಲ ಎಂಜಿನ್ನಿಗೆ ಕಿಡಿ ಕೊಡುವ ಸಾಧನವೊಂದನ್ನು ಮಾಡಿಕೊಡಬೇಕೆಂದು ಕೇಳಿದನು. ನಾಲ್ಕು ಹೊಡೆತದ ಎಂಜಿನ್ನನ್ನು ೧೮೭೬ರಲ್ಲಿ ನಿರ್ಮಿಸಿದ ನಿಕೋಲಸ್ ಆಟೋನ ಡಾಯ್ಟ್ಸ್ ಕಾರ್ಖಾನೆಯವರು ಅಂತಹ ಒಂದು ಸಾಧನವನ್ನು ಮಾಡುತ್ತಿದ್ದರು. ಅದಕ್ಕೆ ಮ್ಯಾಗ್ನೆಟೋ ಎಂದು ಹೆಸರು. ಷೋರ್ನ್‌ಡಾರ್ಫ್ ಎಂಬ ಊರಿನಲ್ಲಿ ಅಂತಹುದೊಂದು ಇದೆಯೆಂದು ತಿಳಿದು ಬಾಷ್ ಹೋಗಿ ನೋಡಿ ಬಂದನು. ಇದಕ್ಕೆ ಪೇಟೆಂಟು ಉಂಟೇ ಎಂದು ಡಾಯ್ಟ್ಸ್‌ನವರನ್ನೇ ಕೇಳಿದನು. ಉತ್ತರ ಬರಲಿಲ್ಲ. ಆಗ ತಾನೇ ಮಾಡಲು ತೊಡಗಿದನು. ಇದನ್ನು ಮುಚ್ಚಿಡಬೇಕಾಗಿಲ್ಲ: ಜಗತ್ತಿನಾದ್ಯಂತ ಬಾಷನ ಹೆಸರನ್ನು ಹರಡಿದ ವಸ್ತುವನ್ನು ಮೊದಲು ಕಂಡುಹಿಡಿದವನು ಬಾಷ್ ಅಲ್ಲ. ಇನ್ನೊಬ್ಬರ ವಸ್ತುವನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಎಲ್ಲಿ ಸೋಲುತ್ತದೆ ಎಂದು ತಿಳಿದು ಗಟ್ಟಿಗೊಳಿಸುವುದು ಅವನ ಗುಣ. ಗ್ಯಾರೇಜಿನವರ ಗುಣವೂ ಅದೇ ಅಲ್ಲವೇ?

ಮ್ಯಾಗ್ನೆಟೋ ಎಂದರೇನು ಎಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಕುದುರೆಯ ಲಾಳದ ಆಕಾರದ ಅಯಸ್ಕಾಂತ. ಅದರ ಎರಡು ಕಾಲುಗಳ ನಡುವೆ ತಾಮ್ರದ ತಂತಿಯನ್ನು ಸುತ್ತಿದ ಒಂದು ಕಬ್ಬಿಣದ ತುಂಡು. ಈ ತುಂಡಿಗೆ ಆರ್ಮೇಚರ್ ಎನ್ನುತ್ತಾರೆ. ಇದು ಅಯಸ್ಕಾಂತದ ನಡುವೆ ಅಲುಗಾಡಿದರೆ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಹರಿಯುತ್ತಿರುವ ಆ ವಿದ್ಯುತ್ತನ್ನು ಎಂಜಿನ್ನಿನ ಸಿಲಿಂಡರಿನೊಳಗೆ ತಟ್ಟನೆ ತುಂಡರಿಸಿದರೆ, ತುಂಡಾದ ಜಾಗದಲ್ಲಿ ಕಿಡಿ ಹಾರಿ ಅನಿಲವು ಹೊತ್ತಿಕೊಳ್ಳುತ್ತದೆ. ಬ್ಯಾಟರಿ ಬೇಕಾಗಿಲ್ಲ. ಎಂಜಿನ್ನು ತಿರುಗುವವರೆಗೂ ಕಿಡಿ ಇರುತ್ತದೆ. ಕಿಡಿ ಇರುವವರೆಗೂ ಎಂಜಿನ್ನು ತಿರುಗುತ್ತದೆ.

ಕಾರ್ಖಾನೆಗಳಲ್ಲಿ ನಿಂತಲ್ಲಿಯೇ ನಿಧಾನವಾಗಿ ತಿರುಗುವ ಎಂಜಿನ್ನುಗಳಿಗೆ ಇದು ಸಾಕಾಗಿತ್ತು. ಅಷ್ಟರಲ್ಲಿ ಮೋಟಾರು ಗಾಡಿಗಳು ಬೀದಿಗೆ ಬಂದುವು. ೧೮೮೬ರಲ್ಲಿಯೇ, ಎಂದರೆ ಬಾಷ್ ಅಂಗಡಿ ತೆರೆದ ವರ್ಷವೇ, ಕಾರ್ಲ್ ಬೆಂಜ್ ತನ್ನ ಮೂರು ಗಾಲಿಯ ಗಾಡಿಗೆ ಪೇಟೆಂಟು ಪಡೆದಿದ್ದನು. ಆದರೆ ಈ ಗಾಡಿಗಳ ದೊಡ್ಡ ತಲೆನೋವು ಕಿಡಿಯೇ. ಬೆಂಜನ ಬ್ಯಾಟರಿಯು ಬೇಗನೆ ಬತ್ತುತ್ತಿತ್ತು. ಡೈಮ್ಲರನು ಸಿಲಿಂಡರಿಗೆ ಒಂದು ಕೊಳವೆಯನ್ನು ಸಿಕ್ಕಿಸಿ ಅದನ್ನು ಹೊರಗಿನಿಂದ ಬೆಂಕಿಯಿಂದ ಕೆಂಪಗೆ ಕಾಯಿಸುತ್ತಿದ್ದನು. ಪೆಟ್ರೋಲಿನ ಪಕ್ಕದಲ್ಲಿ ಉರಿಯುವ ಬೆಂಕಿ! ಗಾಳಿಗೆ ಅದು ಆರಿದರೆ ಗಾಡಿಯು ನಿಲ್ಲುತ್ತಿತ್ತು, ಆರದಿದ್ದರೆ ಕೆಲವೊಮ್ಮೆ ಗಾಡಿಯೇ ಹೊತ್ತಿಕೊಳ್ಳುವ ಅಪಾಯವಿತ್ತು.

೧೮೯೭ರಲ್ಲಿ ಫ್ರೆಡರಿಕ್ ಸಿಮ್ಸ್ ಎಂಬ ವ್ಯಾಪಾರಿಯು ಫ್ರಾನ್ಸಿನ ಡಿ ಡಿಯೋನ್ ಬೂಟನ್ ಕಂಪನಿಯ ಮೂರು ಗಾಲಿಯ ಮೋಟಾರೊಂದನ್ನು ತಂದು ಇದಕ್ಕೆ ನಿಮ್ಮ ಮ್ಯಾಗ್ನೆಟೋವನ್ನು ಹಾಕಿಕೊಡಿ ಎಂದನು. ಅದರ ಎಂಜಿನ್ನು ನಿಮಿಷಕ್ಕೆ ೧,೮೦೦ ಸುತ್ತು ತಿರುಗುತ್ತಿತ್ತು. ನಾಲ್ಕು ಹೊಡೆತದ ಎಂಜಿನ್ನಿಗೆ ಎರಡು ಸುತ್ತಿಗೊಂದು ಕಿಡಿ ಬೇಕು. ಎಂದರೆ ನಿಮಿಷಕ್ಕೆ ೯೦೦ ಕಿಡಿಗಳು. ಬಾಷನ ಯಂತ್ರದಲ್ಲಿ ತಂತಿ ಸುತ್ತಿದ ಭಾರವಾದ ಆರ್ಮೇಚರು ಹಿಂದಕ್ಕೂ ಮುಂದಕ್ಕೂ ತೂಗಾಡಬೇಕಾಗಿತ್ತು. ಅಷ್ಟು ವೇಗದಲ್ಲಿ ಅಷ್ಟು ಭಾರವು ತೂಗಾಡುವುದು ಹೇಗೆ? ಈ ಗಂಟನ್ನು ಬಿಡಿಸಿದವನು ಬಾಷನ ಕೆಲಸಗಾರರ ಮೇಸ್ತ್ರಿ ಆರ್ನಾಲ್ಡ್ ಝೇರಿಂಗರ್. ಆರ್ಮೇಚರನ್ನು ಅಲುಗಾಡದಂತೆ ಕಟ್ಟಿಹಾಕಿ, ಅದಕ್ಕೂ ಅಯಸ್ಕಾಂತಕ್ಕೂ ನಡುವೆ ಹಗುರವಾದ ಒಂದು ಲೋಹದ ತೋಳನ್ನು ಮಾತ್ರ ಆಡಿಸಿದರೆ ಸಾಕೆಂದು ಅವನು ತೋರಿಸಿದನು. ಭಾರವು ನಿಂತಿತು, ಹಗುರವು ಓಡಿತು, ಕಿಡಿಯು ಬಂದಿತು. ಮರುವರ್ಷ ಡೈಮ್ಲರನ ಕಾರಿಗೆ ಇದನ್ನು ಅಳವಡಿಸಿ ಆಲ್ಪ್ಸ್ ಪರ್ವತಗಳ ದಾರಿಯಲ್ಲಿ ಓಡಿಸಿ ಪರೀಕ್ಷಿಸಿದರು.

ಚರಿತ್ರೆಯ ಪುಸ್ತಕಗಳಲ್ಲಿ ಝೇರಿಂಗರನಿಗೆ ಸಿಕ್ಕಿರುವುದು ಒಂದೆರಡು ಸಾಲು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಬಹಳ ಹಿಡಿಸಿದವನು ಅವನೇ.

ಒಂದು ದೋಷವು ಇನ್ನೂ ಉಳಿದಿತ್ತು. ಕರೆಂಟನ್ನು ತುಂಡರಿಸುವ ಕೆಲಸವು ಸಿಲಿಂಡರಿನ ಒಳಗೆ, ಉರಿಯ ಮಧ್ಯದಲ್ಲಿ, ಚಲಿಸುವ ಸನ್ನೆಗಳಿಂದ ನಡೆಯಬೇಕಾಗಿತ್ತು. ಅವು ಸವೆಯುತ್ತಿದ್ದುವು, ಕಿಟ್ಟ ಹಿಡಿಯುತ್ತಿದ್ದುವು. ೧೯೦೧ರಲ್ಲಿ ಬಾಷ್ ೪೫ ಮಂದಿ ಕೆಲಸಗಾರರೊಡನೆ ತನ್ನ ಸ್ವಂತ ಕಾರ್ಖಾನೆಗೆ ಬಂದಿದ್ದನು. ಅದೇ ವರ್ಷ ಗಾಟ್ಲೋಬ್ ಹೊನೋಲ್ಡ್ ಎಂಬ ತರುಣನನ್ನು ತಾಂತ್ರಿಕ ಮುಖ್ಯಸ್ಥನನ್ನಾಗಿ ಮಾಡಿ, ಈ ಸನ್ನೆಗಳ ಪೀಡೆಯನ್ನು ತೊಲಗಿಸುವ ಕೆಲಸವನ್ನು ಅವನಿಗೆ ಒಪ್ಪಿಸಿದನು. ಹೊನೋಲ್ಡ್ ಆಲ್ಬೆಕ್ಕಿನ ಸಮೀಪದ ಲಾಂಗೆನೌ ಊರಿನ ಉಪಾಧ್ಯಾಯರ ಮಗ. ಬಾಲ್ಯದಲ್ಲಿ ಬಾಷನ ಅಂಗಡಿಯಲ್ಲಿಯೇ ಶಿಷ್ಯನಾಗಿದ್ದು, ಅನಂತರ ತಾಂತ್ರಿಕ ವಿದ್ಯಾಲಯದಲ್ಲಿ ಓದಿ ಮರಳಿದವನು. ಉಪ್ಪುಕಾಗದವನ್ನೂ ಪುಸ್ತಕವನ್ನೂ ಹಿಡಿದ ಕೈ ಅವನದು. ಕೆಲವೇ ತಿಂಗಳುಗಳಲ್ಲಿ ಅವನು ಉತ್ತರವನ್ನು ತಂದನು. ಆರ್ಮೇಚರಿನ ಮೇಲೆ ಒಂದರ ಬದಲು ಎರಡು ಸುತ್ತು ತಂತಿ: ದಪ್ಪ ತಂತಿಯ ಕೆಲವು ಸುತ್ತುಗಳು, ತೆಳು ತಂತಿಯ ಸಾವಿರಾರು ಸುತ್ತುಗಳು. ದಪ್ಪ ತಂತಿಯ ಕರೆಂಟನ್ನು ಸಿಲಿಂಡರಿನ ಹೊರಗೆ, ತಣ್ಣನೆಯ ಜಾಗದಲ್ಲಿ, ಎರಡು ಪುಟ್ಟ ಪಾಯಿಂಟುಗಳಿಂದ ತುಂಡರಿಸಿದರೆ, ತೆಳು ತಂತಿಯಲ್ಲಿ ಸಾವಿರಾರು ವೋಲ್ಟುಗಳ ಒತ್ತಡವು ಚಿಮ್ಮುತ್ತದೆ. ಪಾಯಿಂಟುಗಳು ಸುಟ್ಟುಹೋಗದಂತೆ ಕಾಯಲು ಪಕ್ಕದಲ್ಲಿ ಒಂದು ಕಂಡೆನ್ಸರು. ಆ ಒತ್ತಡವನ್ನು ಸಿಲಿಂಡರಿನೊಳಗೆ ಒಯ್ಯಲು, ಅಲುಗಾಡುವ ಭಾಗವೇ ಇಲ್ಲದ ಒಂದು ಪ್ಲಗ್ಗು. ೧೯೦೨ನೆಯ ಜನವರಿ ೭ರಂದು ಇದಕ್ಕೆ ಪೇಟೆಂಟು ದೊರೆಯಿತು. ಹೊನೋಲ್ಡನು ಮೊದಲ ನಮೂನೆಯನ್ನು ತೋರಿಸಿದಾಗ, ಗುರಿಯು ತಗುಲಿತೆಂದು ಬಾಷನು ಒಡನೆಯೇ ಕಂಡುಕೊಂಡನಂತೆ.

ವಾಚಕರು ಈಗ ಆಷಾಢದ ಆ ಭಾನುವಾರವನ್ನು ನೆನೆಯಬೇಕು. ಉಪಾಧ್ಯಾಯರ ಕಾರಿನಲ್ಲಿ ಮ್ಯಾಗ್ನೆಟೋ ಇರಲಿಲ್ಲ, ನಿಜ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ೧೯೧೦ರ ಸುಮಾರಿಗೆ ಬ್ಯಾಟರಿ ಮತ್ತು ಕಾಯಿಲಿನ ಪದ್ಧತಿಯನ್ನು ಕಾರುಗಳಿಗೆ ತಂದನು; ಬಾಷನ ಕಂಪನಿಯೂ ೧೯೨೫ರಲ್ಲಿ ಅದನ್ನೇ ಮಾಡತೊಡಗಿತು. ಅಯಸ್ಕಾಂತದ ಬದಲು ಬ್ಯಾಟರಿಯು ಬಂದಿತು. ಆದರೆ ಎರಡು ಸುತ್ತಿನ ತಂತಿ, ತುಂಡರಿಸುವ ಪಾಯಿಂಟು, ಕಾಯುವ ಕಂಡೆನ್ಸರು, ಕೊನೆಗೆ ಪ್ಲಗ್ಗು, ಈ ಕ್ರಮವು ಹಾಗೆಯೇ ನಿಂತಿತು. ಹೊಸ ಕಾರುಗಳಲ್ಲಿ ಪಾಯಿಂಟಿನ ಜಾಗಕ್ಕೆ ಎಲೆಕ್ಟ್ರಾನಿಕ್ ಸಾಧನಗಳು ಬಂದಿವೆ. ದೋಷವನ್ನು ಹುಡುಕಲು ಕಂಪ್ಯೂಟರನ್ನು ಸಿಕ್ಕಿಸುತ್ತಾರೆ. ಆದರೂ ಪೆಟ್ರೋಲಿನ ಕಾರು ಯಾವುದಾದರೂ ಸರಿ, ಕೊನೆಯಲ್ಲಿ ಆ ಪ್ಲಗ್ಗು ಇದ್ದೇ ಇದೆ.

ಮುಂದಿನ ಹತ್ತು ವರ್ಷಗಳ ಏಳಿಗೆಯನ್ನು ವಿಸ್ತರಿಸುವುದಿಲ್ಲ. ೧೯೦೬ರ ಹೊತ್ತಿಗೆ ಒಂದು ಲಕ್ಷ ಮ್ಯಾಗ್ನೆಟೋಗಳು ತಯಾರಾಗಿದ್ದುವು. ಲಂಡನ್, ಪ್ಯಾರಿಸ್, ನ್ಯೂಯಾರ್ಕುಗಳಲ್ಲಿ ಶಾಖೆಗಳು ತೆರೆದುವು. ೧೯೧೩ರ ಹೊತ್ತಿಗೆ ಮಾರಾಟದ ಬಹುಪಾಲು ಜರ್ಮನಿಯ ಹೊರಗೆ ನಡೆಯುತ್ತಿತ್ತು.

ಇಲ್ಲಿ ನಿಂತು ನೋಡಬೇಕಾದ ವಿಷಯ ಬೇರೆ. ೧೯೦೬ರಲ್ಲಿ, ದಿನಕ್ಕೆ ಹತ್ತು ಗಂಟೆಯ ದುಡಿತವು ಸಾಮಾನ್ಯವಾಗಿದ್ದ ಕಾಲದಲ್ಲಿ, ಬಾಷ್ ತನ್ನ ಕಾರ್ಖಾನೆಯಲ್ಲಿ ಎಂಟು ಗಂಟೆಯ ದಿನವನ್ನು ಜಾರಿಗೆ ತಂದನು. ೧೯೧೦ರಲ್ಲಿ ಶನಿವಾರ ಮಧ್ಯಾಹ್ನ ರಜೆ ಕೊಟ್ಟನು. ಕೂಲಿಯೂ ಹೆಚ್ಚು. ಇತರ ಕಾರ್ಖಾನೆಗಳ ಮಾಲೀಕರು ಸಿಟ್ಟಿನಿಂದ ಅವನಿಗೆ ಕೆಂಪು ಬಾಷ್ ಎಂದು ಅಡ್ಡಹೆಸರಿಟ್ಟರು. ಇದನ್ನು ದಾನವೆಂದು ಹೊಗಳುವುದು ಅವನಿಗೇ ಹಿಡಿಸುತ್ತಿರಲಿಲ್ಲ. ಎಂಟು ಗಂಟೆಯಾದರೆ ದಿನಕ್ಕೆ ಎರಡು ಪಾಳಿ ನಡೆಸಬಹುದು, ಯಂತ್ರಗಳು ಸುಮ್ಮನೆ ನಿಲ್ಲುವುದಿಲ್ಲ, ದಣಿಯದ ಕೈಯು ಕೆಲಸವನ್ನು ಕೆಡಿಸುವುದಿಲ್ಲ ಎಂಬ ಲೆಕ್ಕವೂ ಇತ್ತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಈ ಲೆಕ್ಕವನ್ನು ಮೆಚ್ಚುತ್ತೇನೆ. ಲಾಭಕ್ಕೂ ನ್ಯಾಯಕ್ಕೂ ಒಂದೇ ದಾರಿಯಾಗುವ ಸಂದರ್ಭಗಳು ಪಠ್ಯಪುಸ್ತಕದಲ್ಲಿ ಹೆಚ್ಚಿಲ್ಲ. ಹಾಗೆಂದು ಎಲ್ಲವೂ ಸುಖವಾಗಿತ್ತೆಂದು ಹೇಳಲಾಗದು; ೧೯೧೩ರಲ್ಲಿ ಅವನ ಕಾರ್ಖಾನೆಯಲ್ಲಿಯೂ ಮುಷ್ಕರವಾಯಿತು. ಅದರಿಂದ ಅವನ ಮನಸ್ಸು ಬಹಳ ನೊಂದಿತು. ಅದೇ ವರ್ಷ ಶಿಷ್ಯರಿಗೆಂದೇ ಪ್ರತ್ಯೇಕವಾದ ತರಬೇತಿಯ ಕಾರ್ಯಾಗಾರವನ್ನು ತೆರೆದನು. ಉಲ್ಮ್‌ನ ಆ ಗುರುವು ಕಲಿಸದೆ ಬಿಟ್ಟದ್ದನ್ನು ಇಲ್ಲಿ ಹುಡುಗರಿಗೆ ಕಲಿಸತೊಡಗಿದರು.

ಸ್ವಭಾವದಲ್ಲಿ ಬಾಷ್ ಮುಂಗೋಪಿ, ಕೈಬಿಗಿ ಹಿಡಿಯುವವನು. ಕಚೇರಿಯ ನೆಲದ ಮೇಲೆ ಬಿದ್ದಿದ್ದ ಒಂದು ಕಾಗದದ ಕ್ಲಿಪ್ಪನ್ನು ಎತ್ತಿಕೊಂಡು, ಇದು ನನ್ನ ಹಣವೆಂದು ಗುಮಾಸ್ತನನ್ನು ಗದರಿಸಿದನೆಂಬ ಕಥೆಯು ಪ್ರಸಿದ್ಧವಾಗಿದೆ. ಅದೇ ಮನುಷ್ಯನು ಮೊದಲನೆಯ ಮಹಾಯುದ್ಧದಲ್ಲಿ ಯುದ್ಧಸಾಮಗ್ರಿಯಿಂದ ಬಂದ ಲಾಭವನ್ನು ಇಟ್ಟುಕೊಳ್ಳಲು ಮನಸ್ಸೊಪ್ಪದೆ, ೧೯೧೬ರಲ್ಲಿ ನೆಕ್ಕರ್ ನದಿಯ ಕಾಲುವೆಯ ಕೆಲಸಕ್ಕೆಂದು ೧೩೦ ಲಕ್ಷ ಮಾರ್ಕುಗಳನ್ನು ಕೊಟ್ಟನು. ಯುದ್ಧವು ಅವನ ವಿದೇಶದ ಆಸ್ತಿಗಳನ್ನೆಲ್ಲ ನುಂಗಿತು. ಅಮೆರಿಕದ ಕಂಪನಿಯನ್ನು ಅಲ್ಲಿಯ ಸರಕಾರವು ವಶಪಡಿಸಿಕೊಂಡಿತು. ೧೯೨೧ರಲ್ಲಿ, ಮುಂದೆ ತನ್ನ ಜಾಗದಲ್ಲಿ ಕುಳಿತುಕೊಳ್ಳುವನೆಂದು ನಂಬಿದ್ದ ಒಬ್ಬನೇ ಮಗನು ದೀರ್ಘ ಕಾಯಿಲೆಯಿಂದ ತೀರಿಕೊಂಡನು. ೧೯೨೩ರಲ್ಲಿ ಹೊನೋಲ್ಡನೂ ಹೋದನು. ಹಣವು ಮತ್ತೆ ಬಂದಿತು. ೧೯೨೭ರಲ್ಲಿ ಡೀಸೆಲ್ ಪಂಪಿನ ತಯಾರಿಕೆ ಆರಂಭವಾಯಿತು. ಹೋದವರು ಬರಲಿಲ್ಲ.

ಹಿಟ್ಲರನ ಕಾಲದ ಅಧ್ಯಾಯವನ್ನು ಹಾರಿಸಿಬಿಟ್ಟರೆ ಈ ಚರಿತ್ರೆಯು ಸುಂದರವಾಗಿ ಮುಗಿಯುತ್ತದೆ. ಆದರೆ ಕೊನೆಯಿಂದ ಮೂಲದವರೆಗೆ ಪ್ರತಿಯೊಂದು ತಂತಿಯನ್ನೂ ಮುಟ್ಟಿ ನೋಡಬೇಕೆಂಬುದನ್ನು ಗ್ಯಾರೇಜಿನಲ್ಲಿ ಕಂಡಮೇಲೆ ಹಾಗೆ ಹಾರಿಸಲು ನನಗೆ ಮನಸ್ಸು ಬರಲಿಲ್ಲ. ಬಾಷ್ ಹಿಟ್ಲರನನ್ನು ಮೆಚ್ಚಿದವನಲ್ಲ. ಫ್ರಾನ್ಸಿನೊಡನೆ ಸ್ನೇಹವಾಗಬೇಕೆಂದು ಹಾತೊರೆದವನು. ಹಿಟ್ಲರನ ವಿರೋಧಿಯಾಗಿದ್ದ ಕಾರ್ಲ್ ಗೋರ್ಡೆಲರನಿಗೆ ೧೯೩೭ರಲ್ಲಿ ತನ್ನ ಕಂಪನಿಯಲ್ಲಿ ಸಲಹೆಗಾರನೆಂಬ ಹುದ್ದೆ ಕೊಟ್ಟು ಆಸರೆಯಾದನು. ಕಂಪನಿಯ ಮುಖ್ಯಾಧಿಕಾರಿ ಹಾನ್ಸ್ ವಾಲ್ಜನ ಮೂಲಕ ಯೆಹೂದ್ಯರಿಗೆ ದೇಶ ಬಿಟ್ಟು ಪಾರಾಗಲು ಹಣದ ನೆರವು ಹೋಯಿತು. ಇದಕ್ಕಾಗಿ ಇಸ್ರೇಲಿನ ಯಾದ್ ವಾಷೆಮ್ ಸಂಸ್ಥೆಯು ೧೯೬೯ರಲ್ಲಿ ವಾಲ್ಜನನ್ನು ಗೌರವಿಸಿತು. ಇದು ಒಂದು ಕಡೆ. ಇನ್ನೊಂದು ಕಡೆ, ಅದೇ ಕಂಪನಿಯು ಹಿಟ್ಲರನ ಸೈನ್ಯಕ್ಕೆ ಸಾಮಗ್ರಿಗಳನ್ನು ತಯಾರಿಸಿತು. ಯುದ್ಧಕಾಲದಲ್ಲಿ ಬಲಾತ್ಕಾರದಿಂದ ತಂದ ಸಾವಿರಾರು ಮಂದಿ ಪರದೇಶೀಯರನ್ನು ತನ್ನ ಕಾರ್ಖಾನೆಗಳಲ್ಲಿ ದುಡಿಸಿತು. ಎಂಟು ಗಂಟೆಯ ದಿನವನ್ನು ತಂದವನ ಹೆಸರಿನಲ್ಲಿಯೇ ಇದು ನಡೆಯಿತು. ಒಂದು ಕಡೆಯದನ್ನು ಇನ್ನೊಂದು ಕಡೆಯದರಿಂದ ಕಳೆದು ಲೆಕ್ಕ ಮುಗಿಸಲು ನನಗೆ ಬರುವುದಿಲ್ಲ.

೧೯೪೦ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಅವನು ಕಟ್ಟಿಸಿದ ಹೋಮಿಯೋಪತಿಯ ಆಸ್ಪತ್ರೆಯು ತೆರೆಯಿತು. ೧೯೪೨ನೆಯ ಮಾರ್ಚ್ ೧೨ರಂದು, ಎಂಬತ್ತು ವರ್ಷದವನಾಗಿ, ಬಾಷ್ ತೀರಿಕೊಂಡನು. ಯಾರನ್ನು ಒಳಗೊಳಗೇ ವಿರೋಧಿಸಿದ್ದನೋ ಆ ಸರಕಾರವೇ ಸಕಲ ರಾಜಮರ್ಯಾದೆಗಳೊಡನೆ ಅವನ ಅಂತ್ಯಕ್ರಿಯೆಯನ್ನು ನಡೆಸಿತು. ಅವನು ಆಶ್ರಯಕೊಟ್ಟ ಗೋರ್ಡೆಲರನನ್ನು ೧೯೪೫ರ ಫೆಬ್ರವರಿಯಲ್ಲಿ ಅದೇ ಸರಕಾರವು ಗಲ್ಲಿಗೇರಿಸಿತು. ತನ್ನ ಸಂಪತ್ತು ಲೋಕೋಪಕಾರಕ್ಕೆ ಸಲ್ಲಬೇಕೆಂದು ಬಾಷ್ ಬಯಸಿದ್ದನು. ಅದರಂತೆ ೧೯೬೪ರಲ್ಲಿ ಕಂಪನಿಯ ಬಹುಪಾಲು ಷೇರುಗಳು ಒಂದು ಧರ್ಮಸಂಸ್ಥೆಯ ಕೈಗೆ ಹೋದುವು.

ಇಷ್ಟು ದೂರದ ಸ್ಟುಟ್‌ಗಾರ್ಟಿಗೂ ನಮ್ಮ ಬೆಂಗಳೂರಿಗೂ ಸಂಬಂಧ ಬಂದದ್ದು ಹೀಗೆ. ಬಾಷನ ಸರಕುಗಳು ಅವನು ಬದುಕಿದ್ದಾಗಲೇ, ೧೯೨೨ರಲ್ಲಿ, ಕಲ್ಕತ್ತೆಯ ಒಂದು ಏಜೆನ್ಸಿಯ ಮೂಲಕ ಭಾರತಕ್ಕೆ ಬಂದಿದ್ದುವು. ಸ್ವಾತಂತ್ರ್ಯಾನಂತರ ೧೯೫೧ರಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿಯು ಸ್ಥಾಪಿತವಾಯಿತು. ಜನರ ಬಾಯಲ್ಲಿ ಅದು ಮೈಕೋ. ೧೯೫೩ರಿಂದ ನಮ್ಮ ಆಡುಗೋಡಿಯಲ್ಲಿ ಪ್ಲಗ್ಗುಗಳೂ ಡೀಸೆಲ್ ಪಂಪಿನ ಭಾಗಗಳೂ ತಯಾರಾಗತೊಡಗಿದುವು. ಹೊಸೂರು ರಸ್ತೆಯ ಆಚೀಚೆ, ಬೈರಸಂದ್ರ, ತಾವರೆಕೆರೆ, ಮಡಿವಾಳಗಳೆಂಬ ಮೂರು ಊರುಗಳ ಮೊದಲಕ್ಷರಗಳನ್ನು ಕೂಡಿಸಿ ಬಿ.ಟಿ.ಎಂ. ಎಂದು ಹೆಸರಿಟ್ಟ ಬಡಾವಣೆಯಲ್ಲಿ ಮೈಕೋ ಲೇಔಟ್ ಎಂಬ ಭಾಗವೇ ಇದೆ. ಕಂಪನಿಯ ಹೆಸರು ೨೦೦೮ರಲ್ಲಿ ಬಾಷ್ ಲಿಮಿಟೆಡ್ ಎಂದು ಬದಲಾಯಿತು. ಬಡಾವಣೆಯ ಹೆಸರು ಬದಲಾಗಲಿಲ್ಲ. ಆಡುಗೋಡಿಯ ತಯಾರಿಕೆಯ ಕೆಲಸವು ಬಿಡದಿಗೆ ಹೋಗಿ, ಆ ಜಾಗದಲ್ಲಿ ೨೦೨೨ರಲ್ಲಿ ಸಂಶೋಧನೆ ಮತ್ತು ಸಾಫ್ಟ್‌ವೇರಿನ ದೊಡ್ಡ ಆವರಣವು ತೆರೆಯಿತು. ಅದಕ್ಕೆ ಸ್ಪಾರ್ಕ್ ಎಂಬ ಶಬ್ದವನ್ನೇ ಸೇರಿಸಿ ಹೆಸರಿಟ್ಟಿದ್ದಾರೆ.

ಪೆಟ್ಟಿಗೆಯ ಮೇಲಿನ ಗುರುತಿನ ವಿಷಯ ಉಳಿಯಿತು. ಅದನ್ನು ೧೯೧೮ರಲ್ಲಿ ಹೊನೋಲ್ಡನು ರೂಪಿಸಿದನು. ವೃತ್ತದೊಳಗಿರುವುದು ಎಚ್ ಅಕ್ಷರವಲ್ಲ. ಮ್ಯಾಗ್ನೆಟೋದ ಆರ್ಮೇಚರನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಕಾಣುವ ಆಕಾರ. ಕಬ್ಬಿಣದ ಆ ಸೊಂಟದ ಸುತ್ತಲೇ ತಂತಿಯನ್ನು ಸುತ್ತುತ್ತಾರೆ.

ಇದನ್ನೆಲ್ಲ ಓದಿದ ವಾರ ಗ್ಯಾರೇಜಿಗೆ ಹೋಗಿ ತಂದೆಯವರಿಗೆ ಹೇಳಿದೆನು. ಒಂದು ಕಾಗದದ ಮೇಲೆ ಲಾಳದ ಅಯಸ್ಕಾಂತವನ್ನೂ ನಡುವಿನ ಆಕಾರವನ್ನೂ ಬರೆದು ತೋರಿಸಿದೆನು. ಅವರು ಕೈಯನ್ನು ಬಟ್ಟೆಗೆ ಒರೆಸಿಕೊಂಡು ಕಾಗದವನ್ನು ತೆಗೆದುಕೊಂಡರು. ಸ್ವಲ್ಪ ಹೊತ್ತು ನೋಡಿ, ತಂತಿಯನ್ನು ಸುತ್ತುವ ದಿಕ್ಕನ್ನು ನೀನು ತಪ್ಪಾಗಿ ಬರೆದಿದ್ದೀಯೆ, ಹಾಗೆ ಸುತ್ತಿದರೆ ಕರೆಂಟು ಹುಟ್ಟುವುದಿಲ್ಲ ಎಂದರು. ನಾನು ಪುಸ್ತಕವನ್ನು ತೆರೆದು ನೋಡಿದೆನು. ತಪ್ಪಾಗಿಯೇ ಬರೆದಿದ್ದೆನು. ಆಮೇಲೆ ಅವರು ನನ್ನ ಕೈಗೆ ಟೆಸ್ಟ್ ಲ್ಯಾಂಪನ್ನು ಕೊಟ್ಟು, ಬಾಗಿಲಲ್ಲಿ ನಿಂತಿದ್ದ ವ್ಯಾನಿನ ಬಾನೆಟ್ಟನ್ನು ಎತ್ತಲು ಹೇಳಿದರು.